ಬಿಡಿಸಿಕೊಂಡ ಕೈ

ನಾನು ಮೊದಲಿನಿಂದಲೂ ಮಹಾ ಪುಕ್ಕಲಿ. ಬಸ್ಸಿನಲ್ಲಿ ಯಾರಾದರೂ ಒಂದೇ ಸಮನೆ ನೋಡಿದರೂ ಎದೆ ಡವಡವ ಎನ್ನುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಮೂಡಿಗೆರೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಬಸ್ಸಿಳಿದು ಮನೆಗೆ ಒಂದು ಮೈಲಿ ತೋಟದ ದಾರಿ. ಎರಡೂ ಕಡೆ ಆಳೆತ್ತರದ ಕಾಫಿ ಗಿಡ, ಒಳಗೆ ಯಾರು ನಿಂತಿದ್ದರೂ ಕಾಣುವುದಿಲ್ಲ. ಆ ದಾರಿಯ ಹೆದರಿಕೆಗೇ ನಾನು ಭಾನುವಾರದ ಕರಾಟೆ ಕ್ಲಾಸಿಗೆ ಸೇರಿದ್ದು.

ಹೆಂಚು ಒಡೆಯುವುದು, ಹಾರಿ ಒದೆಯುವುದು ನಮಗೆ ಬೇಡವೆಂದು ಮೇಷ್ಟ್ರು ಮೊದಲ ದಿನವೇ ಹೇಳಿಬಿಟ್ಟರು. ಅವರು ಕಲಿಸಿದ್ದು ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು. ಯಾರೇ ಮಣಿಕಟ್ಟು ಹಿಡಿಯಲಿ, ಅವರ ಹೆಬ್ಬೆರಳು ಉಳಿದ ಬೆರಳುಗಳಿಗೆ ತಾಗುವ ಜಾಗ ಸಡಿಲ. ನಮ್ಮ ಕೈಯನ್ನು ಆ ಸಂದಿಯ ಕಡೆ ತಿರುಗಿಸಿ ಎಳೆದುಕೊಳ್ಳಬೇಕು. ಇಚಿ, ನಿ, ಸಾನ್ ಎಂದು ಜಪಾನಿಯಲ್ಲಿ ಎಣಿಸುತ್ತಾ ಕೈ ನೋಯುವ ತನಕ ಮಾಡಿಸುತ್ತಿದ್ದರು. "ಬಿಡಿಸ್ಕಂಡ ಮೇಲೆ ಅಲ್ಲೇ ನಿಂತು ಶೌರ್ಯ ತೋರಿಸ್ಬೇಡ್ರಮ್ಮ, ಓಡಿ" ಎನ್ನುತ್ತಿದ್ದರು.

ಆರು ತಿಂಗಳಿಗೆ ನನಗೆ ಕೊಂಬು ಬಂತು. ಅಣ್ಣನಿಂದ ಕೈ ಹಿಡಿಸಿಕೊಂಡು, ಬಿಡಿಸಿ ತೋರಿಸುವುದೇ ಕೆಲಸ. "ಸಾಕು ಮಾರಾಯ್ತಿ, ನಿನ್ನ ಕಟ್ಕೊಳ್ಳೋನ ಗತಿ ಏನೋ!" ಎಂದು ಅತ್ತಿಗೆ ನಗುತ್ತಿದ್ದರು.

ಅತ್ತಿಗೆಗೆ ಆಗ ಐದು ತಿಂಗಳು. ಮೊದಲಿನದು ನಿಂತಿರಲಿಲ್ಲವಾದ್ದರಿಂದ ಮನೆಯವರಿಗೆಲ್ಲ ಜೀವ ಕೈಯಲ್ಲಿತ್ತು. ಅವರನ್ನು ಮೂಡಿಗೆರೆಯ ಡಾಕ್ಟರಿಗೆ ತೋರಿಸಬೇಕಿತ್ತು. ಅಣ್ಣ ಜೀಪು ತೆಗೆಯುತ್ತೇನೆಂದ. ಕಾಫಿ ಕೊಯ್ಲಿನ ಕಾಲ, ಕೆಲಸ ಬಿಟ್ಟು ಬರುವುದು ಅವನಿಗೂ ಕಷ್ಟ. "ಯಾಕೆ, ನಾನಿಲ್ವಾ?" ಎಂದೆ. ಅಬ್ಬಾ, ಆ ಮಾತೇ! ನೆನೆದರೆ ಬಾಯಿಗೆ ಬಡಿದುಕೊಳ್ಳೋಣ ಅನ್ನಿಸುತ್ತದೆ.

ವಾಪಸು ಬಸ್ಸಿಳಿದಾಗ ನಾಲ್ಕು ಗಂಟೆ, ಒಳ್ಳೆ ಬಿಸಿಲು. ಅರ್ಧ ದಾರಿ ಬಂದಿರಬೇಕು, ಗಿಡಗಳ ಒಳಗೆ ತರಗೆಲೆ ಸದ್ದಾಯಿತು. ನಾವು ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ಮತ್ತೆ ಸುರು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. "ದನ ಇರ್ಬೇಕು ಅತ್ತಿಗೆ, ನಡೀರಿ" ಎಂದೆ. ದನವಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಬ್ಬ ಗಂಡಸು ದಾರಿಗೆ ಇಳಿದ. ಯಾವತ್ತೂ ಕಂಡ ಮುಖವಲ್ಲ. ಮಾತಿಲ್ಲ ಕತೆಯಿಲ್ಲ, ನೇರ ಬಂದು ನನ್ನ ಮಣಿಕಟ್ಟು ಹಿಡಿದ.

ಕೈ ತಾನಾಗಿ ತಿರುಗಿತು, ಬಿಡಿಸಿಕೊಂಡಿತು. ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ, ಬ್ಯಾಗು ಎಲ್ಲಿ ಬಿತ್ತೋ. ನಮ್ಮ ಕಾಫಿ ಒಣಗಿಸುವ ಕಣ ಸಿಗುವವರೆಗೂ ನಿಲ್ಲಲಿಲ್ಲ. ಅಲ್ಲಿ ಹಣ್ಣು ಹರವುತ್ತಿದ್ದ ಹೆಂಗಸರು ಗಾಬರಿಯಿಂದ ಸುತ್ತುವರಿದರು. ಅವರಲ್ಲಿ ಒಬ್ಬಳು ನನ್ನ ಹಿಂದೆ ದಾರಿ ನೋಡಿ ಕೇಳಿದಳು: "ಅಮ್ಮೋರು ಎಲ್ಲಿ?"

ಆಗ ಹಿಡಿದ ಹೆದರಿಕೆಯ ಮುಂದೆ ಅವನು ಕೈ ಹಿಡಿದಾಗಿನ ಹೆದರಿಕೆ ಏನೇನೂ ಅಲ್ಲ. ಬಂದ ದಾರಿಯಲ್ಲೇ ತಿರುಗಿ ಓಡಿದೆ. ಹೆಂಗಸರೆಲ್ಲ ಕೂಗುತ್ತಾ ಹಿಂದೆಯೇ ಬಂದರು.

ಅತ್ತಿಗೆ ದಾರಿಯ ನಡುವೆ ನೆಲದ ಮೇಲೆ ಕೂತಿದ್ದರು, ಎರಡೂ ಕೈಯಲ್ಲಿ ಹೊಟ್ಟೆ ತಬ್ಬಿಕೊಂಡು. ಬಳೆ ಒಡೆದು ಮುಂಗೈ ರಕ್ತವಾಗಿತ್ತು. ಅವನು ಎಳೆದಾಗ ಕುಸಿದು ಕೂತವರು ಏಳಲೇ ಇಲ್ಲವಂತೆ. ನಮ್ಮ ಕೂಗು ಕೇಳಿ ಅವನು ತೋಟದೊಳಗೆ ನುಗ್ಗಿದನಂತೆ. "ಏಳೋಕೆ ಹೆದ್ರಿಕೆ ಆಗ್ತಿದೆ ಕಣೆ, ಸೀರೆಗೆ ರಕ್ತ ಏನಾದ್ರೂ ಆಗಿದ್ಯಾ ನೋಡು" ಎಂದರು. ನೋಡಿದೆ. ಇರಲಿಲ್ಲ.

ಸುದ್ದಿ ತಿಳಿದು ಅಣ್ಣ ಓಡಿಬಂದ. ಅವನು ನನ್ನ ಕಡೆ ತಿರುಗುವ ಮೊದಲೇ ಅತ್ತಿಗೆ, "ನಾನೇ ಓಡು ಅಂದಿದ್ದು ರೀ, ಜನ ಕರ್ಕೊಂಡು ಬಾ ಅಂತ" ಎಂದರು. ಅಣ್ಣ ನನ್ನ ತಲೆ ಸವರಿ, "ಒಳ್ಳೆ ಕೆಲ್ಸ ಮಾಡ್ದೆ" ಎಂದ. ನಾನು ಬಗ್ಗಿ ಅತ್ತಿಗೆಯ ಬಳೆಚೂರು ಆರಿಸತೊಡಗಿದೆ.

ಮಗು ಹುಟ್ಟಿತು, ಆರೋಗ್ಯವಾಗಿ ಬೆಳೆಯಿತು. ಮನೆಯಲ್ಲಿ ಇವತ್ತಿಗೂ ಆ ಕತೆಯನ್ನು ಹಾಗೆಯೇ ಹೇಳುತ್ತಾರೆ. ಆದರೆ ಅತ್ತಿಗೆ ಓಡು ಅಂದಿರಲಿಲ್ಲ. "ಬಿಟ್ಟು ಹೋಗ್ಬೇಡ ಮಾರಾಯ್ತಿ" ಎಂದು ಎರಡು ಸಲ ಕೂಗಿದ್ದರು. ಎರಡು ಸಲವೂ ನನಗೆ ಕೇಳಿಸಿತ್ತು.