ನಾಲ್ಕನೆಯ ಬ್ಯಾಟು

ಪದ್ಮಾ ಆಂಟಿ, ಸಾಲಿನಲ್ಲಿದ್ದ ನಿಮ್ಮ ಬ್ಯಾಟನ್ನು ಸರಿಸಿದವಳು ನಾನು. ಒಂದು ಸಲವಲ್ಲ. ಎರಡು ವರ್ಷದ ಹಿಂದೆ, ಹೆಚ್ಚುಕಡಿಮೆ ಎರಡು ತಿಂಗಳು, ವಾರಕ್ಕೆ ಎರಡೋ ಮೂರೋ ಬೆಳಿಗ್ಗೆ. ನಿಮಗೆ ಮರೆವು ಬಂದಿರಲಿಲ್ಲ — ಇಷ್ಟು ಬರೆಯಲು ನನಗೆ ಎರಡು ವರ್ಷ ಹಿಡಿಯಿತು.

ನಿನ್ನೆ ಲಿಫ್ಟಿನಲ್ಲಿ ನಿಮ್ಮ ಮಗಳು ಸಿಕ್ಕಿದರು. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ನಿಮ್ಮನ್ನು ತಿರುಚ್ಚಿಗೆ ಕರೆದುಕೊಂಡು ಹೋಗುತ್ತಾರಂತೆ. “ಅಮ್ಮಾವೇ ತಾನ್ ಕೇಟ್ಟಾಂಗ. ತನಿಯಾ ಇರುಕ್ಕ ಬಯಮಾಂ,” ಎಂದರು. ನೀವೇ ಕೇಳಿದಿರಂತೆ, ಒಬ್ಬರೇ ಇರಲು ಭಯವಂತೆ. ‘ಬೆಸೆಂಟ್ ನಗರದ ಈ ಮನೆಯಿಂದ ನನ್ನನ್ನು ಎತ್ತಿಕೊಂಡು ಹೋಗುವುದಾದರೆ ನಾಲ್ಕು ಜನ ಬೇಕು’ ಎಂದು ನಗುತ್ತಿದ್ದವರು ನೀವು. ನಾನು ಮೂರನೇ ಮಹಡಿಯಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ಲಿಫ್ಟು ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬಂತು.

ನಮ್ಮ ಕಟ್ಟಡದ ಹಿಂದಿನ ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ ಬಲೆ ತಗ್ಗಿಸಿ ಪಿಕಲ್‌ಬಾಲ್ ಶುರುಮಾಡಿದಾಗ, ಗುಂಪಿನಲ್ಲಿ ಕನ್ನಡದವರು ನಾವಿಬ್ಬರೇ. ಹಾಗಾಗಿ ಅಸೋಸಿಯೇಷನ್ನಿನ ಕಣ್ಣನ್ ಸಾರ್ ನಿಮಗೆ ಕಲಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ಸರ್ವ್ ಮಾಡುವಾಗ ಬ್ಯಾಟು ಸೊಂಟದ ಕೆಳಗಿನಿಂದ ಬರಬೇಕು, ಚೆಂಡು ಓರೆಯಾಗಿ ಎದುರಿನ ಚೌಕದಲ್ಲಿ ಬೀಳಬೇಕು ಎಂದೆ. ಎದುರಿನವರು ಅದನ್ನು ಒಂದು ಪುಟಿತ ಬಿಟ್ಟು ಹೊಡೆಯಬೇಕು, ಅವರು ಹೊಡೆದದ್ದನ್ನು ನಾವೂ ಒಂದು ಪುಟಿತ ಬಿಡಬೇಕು, ಅಲ್ಲಿಂದಾಚೆಗೆ ಗಾಳಿಯಲ್ಲೇ ಹೊಡೆಯಬಹುದು. ಸರ್ವ್ ಮಾಡುವ ಕಡೆಯವರಿಗೆ ಮಾತ್ರ ಅಂಕ. ಹನ್ನೊಂದಕ್ಕೆ ಗೆಲುವು, ಆದರೆ ಎರಡರ ಅಂತರವಿರಬೇಕು. ಬಲೆಯ ಎರಡೂ ಬದಿಯ ಏಳಡಿ ಜಾಗಕ್ಕೆ ಕಿಚನ್ ಎಂದು ಹೆಸರು. ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲಿ ಹೊಡೆಯುವಂತಿಲ್ಲ, ಗೆರೆ ತುಳಿದಿದ್ದರೂ ತಪ್ಪೇ.

“ನಲವತ್ತು ವರ್ಷ ಬೆಳಗಾಗೆದ್ದು ಕಿಚನ್ನಲ್ಲೇ ನಿಂತೋಳು ಮಾ ನಾನು,” ಎಂದಿರಿ. “ಇಲ್ಲಿ ನಿಂತ್ರೆ ತಪ್ಪು ಅಂತಾರಾ? ಈ ಆಟ ಕಂಡುಹಿಡಿದೋನು ಪುಣ್ಯಾತ್ಮ!”

ನಮ್ಮ ಆಟಕ್ಕೆ ಅಂಪೈರ್ ಇರಲಿಲ್ಲ. ಗೆರೆ ತುಳಿದವರೇ ಹೇಳಬೇಕು. ಯಾರೂ ನೋಡಿರದಿದ್ದರೂ ನೀವು ಕೈ ಎತ್ತಿ “ನಾನೇ, ನಾನೇ ತುಳಿದಿದ್ದು” ಎನ್ನುತ್ತಿದ್ದಿರಿ. ನಾನು ಇಡೀ ಆಟ ಕಲಿಸಿದೆ ಅಂದುಕೊಂಡಿದ್ದೆ. ಇದನ್ನು ಮಾತ್ರ ನಾನು ಕಲಿಸಿರಲಿಲ್ಲ.

ಸರ್ವ್‌ಗೆ ಮೊದಲು ಮೂರು ಸಂಖ್ಯೆ ಕೂಗಬೇಕು — ನಮ್ಮ ಅಂಕ, ಅವರ ಅಂಕ, ಸರ್ವ್ ಮಾಡುತ್ತಿರುವವರು ಜೋಡಿಯಲ್ಲಿ ಒಂದನೆಯವರೋ ಎರಡನೆಯವರೋ ಎಂಬುದು. ನಾವೆಲ್ಲ ತಡವರಿಸುತ್ತಿದ್ದೆವು. ನೀವು ರೈಲ್ವೆ ಬುಕಿಂಗ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರು, ಗಾಡಿಗಳ ನಂಬರು ಆಗಲೂ ಬಾಯಲ್ಲೇ ಇದ್ದವರು. “ಫೋರ್, ಸೆವೆನ್, ಟೂ!” ಎಂದು ನೀವು ಕೂಗಿದರೆ ಎರಡನೇ ಮಹಡಿಯವರು ಕಿಟಕಿ ತೆಗೆಯುತ್ತಿದ್ದರು. “ಮಾಮಿ ಇರುಕ್ಕಾಂಗ, ಸ್ಕೋರ್‌ಬೋರ್ಡ್ ಎದುಕ್ಕು?” ಎನ್ನುತ್ತಿದ್ದರು ಕಣ್ಣನ್ ಸಾರ್ — ಮಾಮಿ ಇರುವಾಗ ಬೋರ್ಡು ಯಾಕೆ ಅಂತ.

ಇರುವುದು ಒಂದೇ ಅಂಕಣ, ಬರುವವರು ಹತ್ತು ಹನ್ನೆರಡು ಜನ. ಅದಕ್ಕೇ ಬ್ಯಾಟುಗಳ ಸಾಲು. ಬಂದವರು ಬಂದ ಕ್ರಮದಲ್ಲಿ ನಲ್ಲಿಯ ಕಡೆಯಿಂದ ಗೋಡೆಗೆ ಒರಗಿಸಿ ಇಡಬೇಕು. ಒಂದು-ಎರಡು ಒಂದು ಜೋಡಿ, ಮೂರು-ನಾಲ್ಕು ಇನ್ನೊಂದು. ಗೆದ್ದ ಜೋಡಿ ಇನ್ನೊಂದು ಆಟಕ್ಕೆ ಉಳಿಯುತ್ತದೆ, ಸೋತವರ ಬ್ಯಾಟು ಸಾಲಿನ ಕೊನೆಗೆ. ನಾವಿಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿಯುತ್ತಿದ್ದೆವು. ನಾನು ಇಟ್ಟ ಮೇಲೆ ನೀವು ಪಕ್ಕದಲ್ಲೇ ಇಡುತ್ತಿದ್ದಿರಿ — ಹಿಡಿಗೆ ಹಳೆಯ ರೇಷ್ಮೆ ಸೀರೆಯ ಮಾವಿನಕಾಯಿ ಬಣ್ಣದ ಅಂಚು ಸುತ್ತಿದ ಆ ಬ್ಯಾಟು. ಆಮೇಲೆ ಕಾಲು ಸಡಿಲವಾಗಲಿ ಎಂದು ಕಟ್ಟಡಕ್ಕೆ ಎರಡು ಸುತ್ತು ನಡೆಯಲು ಹೋಗುತ್ತಿದ್ದಿರಿ.

ಆ ಎರಡು ಸುತ್ತು ನನಗೆ ಸಾಕಾಗಿತ್ತು.

ನಿಮ್ಮ ಜೊತೆ ಆಡಿದರೆ ಸೋಲುತ್ತಿದ್ದೆವು, ನಿಜ. ಸೋತರೆ ಆ ಬೆಳಿಗ್ಗೆಗೆ ಅದೇ ಮೊದಲ ಮತ್ತು ಕೊನೆಯ ಆಟ, ಏಳೂವರೆಗೆ ನಾನು ಆಫೀಸಿನ ಬಸ್ಸು ಹಿಡಿಯಬೇಕು. ಆದರೆ ಅಷ್ಟೇ ಎಂದರೆ ಅದೂ ಸುಳ್ಳು. ನೀವು ಕೇಳುತ್ತಿದ್ದಿರಿ — ಊಟ ಆಯ್ತಾ, ಯಾಕೆ ಮುಖ ಬಾಡಿದೆ, ಮನೆಯವರು ಹುಡುಗನ್ನ ನೋಡ್ತಿದಾರಾ. ಉತ್ತರ ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ ಆ ದಿನಗಳಲ್ಲಿ. ‘ಇವತ್ತು ಬೇರೆಯವರ ಜೊತೆ ಆಡುತ್ತೇನೆ ಆಂಟಿ’ ಎಂದು ಹೇಳಬಹುದಿತ್ತು. ನೀವು ‘ಆಡು ಮಾ’ ಎಂದು ನಕ್ಕು ಸುಮ್ಮನಾಗುತ್ತಿದ್ದಿರಿ. ಅಷ್ಟು ಸಣ್ಣ ಮಾತು — ಹೇಳಲಿಲ್ಲ. ನಾವಿಬ್ಬರೂ ಒಂದೇ ಜೋಡಿಗೆ ಬೀಳುವ ದಿನ ಮಾತ್ರ ನಿಮ್ಮ ಬ್ಯಾಟನ್ನು ನಿಮ್ಮ ನಂತರ ಬಂದವರ ಬ್ಯಾಟಿನ ಜೊತೆ ಅದಲುಬದಲು ಮಾಡುತ್ತಿದ್ದೆ. ಒಂದೇ ಸ್ಥಾನ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಮೊದಲ ಸಲ ನೀವು ಕೇಳಿದ್ದು ನೆನಪಿದೆ. “ವಿದ್ಯಾ, ನಾನು ನಿನ್ ಪಕ್ಕದಲ್ಲೇ ತಾನೆ ಇಟ್ಟಿದ್ದು?”

“ಇಲ್ಲ ಆಂಟಿ, ನೀವು ಅಲ್ಲೇ ಇಟ್ರಿ.”

ಕನ್ನಡದಲ್ಲಿ ಕೇಳಿದಿರಿ, ಕನ್ನಡದಲ್ಲಿ ಹೇಳಿದೆ. ಸುತ್ತ ನಿಂತವರಲ್ಲಿ ಯಾರಿಗೂ ತಿಳಿಯದ ಭಾಷೆ. ತಮಿಳಿನಲ್ಲಿ ಹೇಳಿದ್ದರೆ ಯಾರಾದರೂ ‘ಇಲ್ಲ, ನಾನು ನೋಡಿದೆ’ ಎನ್ನುತ್ತಿದ್ದರೇನೋ.

ನಿಮ್ಮ ತಾಯಿ ಕೊನೆಯ ವರ್ಷಗಳಲ್ಲಿ ನಿಮ್ಮನ್ನೇ ‘ಯಾರಮ್ಮ ನೀನು’ ಎಂದು ಕೇಳುತ್ತಿದ್ದದ್ದನ್ನು ನೀವೇ ಹೇಳಿದ್ದಿರಿ, ಒಮ್ಮೆ, ನೀರು ಕುಡಿಯುತ್ತಾ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ —

ಆಮೇಲೆ ನಿಮ್ಮ ಕೂಗು ಸಣ್ಣದಾಯಿತು. ಸರ್ವ್‌ಗೆ ನಿಂತು ಜೊತೆಗಾರರ ಕಡೆ ತಿರುಗಿ “ಎಷ್ಟು ಮಾ?” ಎನ್ನತೊಡಗಿದಿರಿ. ನಿಮ್ಮ ಬಾಯಲ್ಲಿ ಸರಿಯಾದ ಸಂಖ್ಯೆಯೇ ಇರುತ್ತಿತ್ತು. ಅದನ್ನು ನಂಬುವುದನ್ನು ಬಿಟ್ಟಿದ್ದಿರಿ.

ಕೊನೆಯ ದಿನ ಬುಧವಾರ. ನೀವು ನಡೆದು ಬಂದು ಸಾಲಿನ ಮುಂದೆ ನಿಂತಿರಿ, ನಲ್ಲಿಯ ಕಡೆಯಿಂದ ಬೆರಳು ಮಾಡಿ ಎಣಿಸಿದಿರಿ, ಮತ್ತೆ ಎಣಿಸಿದಿರಿ. ನನ್ನ ಹತ್ತಿರ ಬಂದು ಎಡಗೈ ಬಿಡಿಸಿದಿರಿ. ಬೆವರಿಗೆ ಹರಡಿದ ನೀಲಿ ಶಾಯಿಯಲ್ಲಿ ಒಂದು ಅಂಕಿ. ನಾಲ್ಕು.

“ನೋಡು ಮಾ, ಇಟ್ಟ ತಕ್ಷಣ ಬರ್ಕೊಂಡೆ. ಆದ್ರೆ ಬ್ಯಾಟು ಐದ್ರಲ್ಲಿದೆ. ಬರ್ಕೊಳ್ಳೋದೇ ತಪ್ಪಾಗ್ತಿದೆ ಅಂದ್ರೆ ಏನ್ ಹೇಳೋದು?”

ಅಂಗೈ ನನ್ನ ಮುಂದೆಯೇ ಇತ್ತು. ನಾನು ಹೇಳಿದ್ದು ಇದು: “ಅವಸರದಲ್ಲಿ ಬರೆದಿರ್ತೀರಿ ಆಂಟಿ.”

ನೀವು ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡಿರಿ. ಬ್ಯಾಟು ತೆಗೆದುಕೊಂಡು, “ಕಾಲು ಯಾಕೋ ನೋಯ್ತಿದೆ,” ಎಂದು ಲಿಫ್ಟಿನ ಕಡೆ ಹೋದಿರಿ. ನಾನು ಆಡಿದೆ. ಗೆದ್ದೆವು ಕೂಡ, ಎರಡು ಆಟ.

ಮರುದಿನದಿಂದ ನಾನು ಯಾರ ಬ್ಯಾಟನ್ನೂ ಮುಟ್ಟಲಿಲ್ಲ. ಮರುದಿನದಿಂದ ನೀವು ಬರಲಿಲ್ಲ.

ಉಳಿದದ್ದನ್ನು ನೋಡುತ್ತಲೇ ಬಂದೆ. ಮಣಿಸರ ಪೋಣಿಸಲು ಮಣಿ ತರುವುದಕ್ಕೆ ತಿಂಗಳಿಗೊಮ್ಮೆ ಒಬ್ಬರೇ ಬಸ್ಸಿನಲ್ಲಿ ಪೇಟೆಗೆ, ಪ್ಯಾರೀಸ್ ಕಾರ್ನರ್‌ಗೆ ಹೋಗುತ್ತಿದ್ದವರು ಹೋಗುವುದನ್ನು ಬಿಟ್ಟಿರಿ. ಬೀಗ ಹಾಕಿ ಇಳಿದವರು ಮತ್ತೆ ಹತ್ತಿ ಹೋಗಿ ಬೀಗ ಎಳೆದು ನೋಡುತ್ತಿದ್ದಿರಿ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದದ್ದನ್ನು ನೀವೇ ಮೆಟ್ಟಿಲಲ್ಲಿ ಹೇಳಿದಿರಿ. “ಅವರಿಗೇನ್ ಗೊತ್ತು ಮಾ, ಕೈಯಲ್ಲಿ ಬರ್ದಿದ್ದೇ ತಪ್ಪಾಗಿತ್ತಲ್ಲ.” ಆಗಲಾದರೂ ಹೇಳಬಹುದಿತ್ತು. ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದೆ. “ರೆಸ್ಟ್ ತಗೊಳ್ಳಿ ಆಂಟಿ” ಎಂದೆ.

ನಾನು ಕೆಟ್ಟವಳಲ್ಲ ಎಂದು ನಂಬಿಸಲು ಇದನ್ನು ಬರೆಯುತ್ತಿಲ್ಲ. ನನಗೆ ಆಗ ದಣಿವಿತ್ತು, ಈಗಲೂ ಇದೆ, ಅದು ಕಾರಣವಲ್ಲ. ಕ್ಷಮಿಸಿ ಎಂದು ಕೇಳುವುದೂ ನಿಮ್ಮ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ತಿರುಚ್ಚಿಗೆ ಹೋಗುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಆದರೆ ಇಲ್ಲದ ಮರೆವಿಗೆ ಹೆದರಿ ಹೋಗಬಾರದು.

ಈ ಹಾಳೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಬರುವುದಿಲ್ಲ. ಇಂದು ಸಂಜೆ ನಿಮ್ಮ ಮಗಳು ಮನೆಯಲ್ಲಿರುವಾಗಲೇ ಬರುತ್ತೇನೆ, ಕನ್ನಡ ಅಷ್ಟಾಗಿ ಬಾರದ ಅವರಿಗೂ ತಿಳಿಯುವಂತೆ ತಮಿಳಿನಲ್ಲಿ ಹೇಳುತ್ತೇನೆ. ನೀವು ಇದನ್ನು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ಆಮೇಲೆ ಮುಚ್ಚುವುದಾದರೆ ಮುಚ್ಚಿ.

ಆ ಬುಧವಾರ ನಿಮ್ಮ ಅಂಗೈಯಲ್ಲಿ ನಾಲ್ಕು ಎಂದಿತ್ತು, ಆಂಟಿ. ನೀವು ಇಟ್ಟದ್ದು ನಾಲ್ಕರಲ್ಲೇ.