ಬೇಡ ಎನ್ನಲು ಬೇಕಾದ ತೆನೆ

ಬೋಳಾರದಲ್ಲಿ ನನ್ನ ಅಪ್ಪನಿಗೆ ಸಹನೆಯ ಮನುಷ್ಯ ಎಂಬ ಹೆಸರಿತ್ತು. ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ನಮ್ಮ ಪ್ರೊಟೆಸ್ಟೆಂಟ್ ಸಭೆಯಲ್ಲಿ ಹಿರಿಯರು. ಅಷ್ಟಮಿಗೆ ಎದುರು ಮನೆಯ ಬಂಟರು ಎಲೆಯಲ್ಲಿ ಬೇಯಿಸಿದ ಮೂಡೆ ಕಳುಹಿಸಿದರೆ ಸಂತೋಷದಿಂದ ತಿನ್ನುತ್ತಿದ್ದರು. ಈದಿಗೆ ಬ್ಯಾರಿ ಗೆಳೆಯರ ಮನೆಗೆ ಹೋಗಿ ಬೆರಳು ನೆಕ್ಕಿಕೊಂಡು ಬರುತ್ತಿದ್ದರು. ಅದು ಯಾವ ದೇವರ ಮುಂದೆ ಇಟ್ಟದ್ದು ಎಂದು ಕೇಳುತ್ತಿರಲಿಲ್ಲ. ಊಟಕ್ಕೆ ಕರೆದವರನ್ನು ಹಾಗೆಲ್ಲ ವಿಚಾರಿಸಬಾರದು ಎನ್ನುವುದಕ್ಕೆ ಅವರ ಬಳಿ ಬೈಬಲಿನ ಒಂದು ವಾಕ್ಯವೂ ಇತ್ತು. ಹೀಗೆ ಅವರ ಸಹನೆ ಕದ್ರಿಯಿಂದ ಕೂಳೂರಿನವರೆಗೆ ಹರಡಿತ್ತು. ಪಕ್ಕದ ಮನೆಯ ಬೇಲಿಯ ಹತ್ತಿರ ಬಂದು ಮಾತ್ರ ನಿಂತುಬಿಡುತ್ತಿತ್ತು.

ಅಲ್ಲಿದ್ದವರು ಕಥೋಲಿಕರು. ನಮ್ಮ ಹಾಗೆಯೇ ಕ್ರೈಸ್ತರು. ತೊಂದರೆ ಇದ್ದದ್ದೇ ಅಲ್ಲಿ.

"ಬೇರೆಯವರು ತಿಳಿಯದವರು. ಇವರು ತಿಳಿದೂ ತಪ್ಪಿದವರು" ಎನ್ನುತ್ತಿದ್ದರು ಅಪ್ಪ.

ಆ ಮನೆಯ ಯಜಮಾನಿ ಕೊಂಕಣಿ ಮಾತನಾಡುವ ಒಬ್ಬ ವಿಧವೆ. ನಾವೆಲ್ಲ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದೆವು. ಅವರೇನೂ ಕಡಿಮೆಯಲ್ಲ. ನಾವು ನಾಲ್ವರೂ, ಅಂದರೆ ಅಪ್ಪ, ಅಮ್ಮ, ಅಣ್ಣ, ನಾನು, ನೆಟ್ಟಗೆ ನರಕಕ್ಕೆ ಹೋಗುವವರೆಂದು ಅವರಿಗೆ ಖಚಿತವಾಗಿತ್ತು, ಮತ್ತು ಅದಕ್ಕಾಗಿ ನಿಜವಾಗಿಯೂ ಮರುಗುತ್ತಿದ್ದರು. ನಮ್ಮ ದೇವಾಲಯದೊಳಗೆ ಕಾಲಿಡುವುದು ಪಾಪವೆಂದು ಅವರ ಪಾದ್ರಿಗಳು ಹೇಳಿದ್ದರು. ಎರಡು ಮನೆಗೂ ಇದ್ದದ್ದು ಒಂದೇ ಬಾವಿ. ಅದರ ಕಟ್ಟೆಯ ಮೇಲೆ ಅಮ್ಮ ಮತ್ತು ಬಾಯಮ್ಮ ದಿನಾ ಸಂಜೆ ಕುಳಿತು, ಧರ್ಮ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ತುಳುವಿನಲ್ಲಿ ಮಾತನಾಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಅವರ ತೆನೆ ಹಬ್ಬ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ, ಅಂದರೆ ಅವರ ಚರ್ಚಿನಲ್ಲಿ, ಕನ್ಯಾಮಾತೆಯ ಪ್ರತಿಮೆಯ ಮುಂದೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಕಾಳು ಸುಲಿದು ಅರೆದು, ತಲೆಗೊಂದರಂತೆ, ಪಾಯಸಕ್ಕೋ ಹಾಲಿಗೋ ಹಾಕುವುದು ಬಾಯಮ್ಮನ ಮನೆಯ ಕ್ರಮ. ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ಮಗನ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ಮನೆಯಲ್ಲಿ ಇಲ್ಲದವರ ಪಾಲು ತಪ್ಪಬಾರದಂತೆ.

ಪ್ರತಿವರ್ಷ ಆ ದಿನ ಬೆಳಿಗ್ಗೆ ಬಾಯಮ್ಮ ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿ ನಮ್ಮ ಮುಂಬಾಗಿಲಿಗೆ ಬರುತ್ತಿದ್ದರು. ಅಪ್ಪ ಜಗಲಿಯಲ್ಲಿ ಎದ್ದು ನಿಂತು, ಕೈ ಮುಗಿದು, ಅದೇ ಮಾತು ಹೇಳುತ್ತಿದ್ದರು: "ಬಾಯಮ್ಮ, ನಿಮ್ಮ ಪ್ರೀತಿ ಬೇಕು, ತೆನೆ ಬೇಡ." ಬಾಯಮ್ಮ ನಕ್ಕು ತಿರುಗಿ, ಮನೆಗೆ ಸುತ್ತು ಹಾಕಿ ಬಾವಿಯ ಬಳಿ ಬಂದು ಅದೇ ತಟ್ಟೆಯನ್ನು ಅಮ್ಮನಿಗೆ ಕೊಡುತ್ತಿದ್ದರು. ಆ ಮಧ್ಯಾಹ್ನ ನಮ್ಮಲ್ಲಿ ಪಾಯಸ.

"ಇವತ್ತು ಎಂತ ವಿಶೇಷ?" ಎಂದು ಅಪ್ಪ ಕೇಳಿದರೆ, "ಬೆಲ್ಲ ಉಳಿದಿತ್ತು" ಎನ್ನುತ್ತಿದ್ದಳು ಅಮ್ಮ. ಹಾವೂ ಸಾಯದು, ಕೋಲೂ ಮುರಿಯದು. ಅಪ್ಪ ಎರಡು ಬಟ್ಟಲು ಕುಡಿದು ಮಲಗುತ್ತಿದ್ದರು. ಸಭೆಯ ಹಿರಿಯರನ್ನು ಹೆಂಡತಿ ಹೀಗೆ ಏಮಾರಿಸುವುದನ್ನು ಕಂಡು ನಾನೂ ಅಣ್ಣನೂ ಎಲೆಯ ಮೇಲೆ ಬಗ್ಗಿ ನಗುತ್ತಿದ್ದೆವು.

ನನಗೆ ಹತ್ತೊಂಬತ್ತಾದಾಗ, ಒಂದು ಬೇಸಿಗೆಯಲ್ಲಿ, ಅಮ್ಮ ನಾಲ್ಕೇ ದಿನದ ಜ್ವರಕ್ಕೆ ತೀರಿಹೋದಳು. ನಮ್ಮ ದೇವಾಲಯದೊಳಗೆ ಶವಸಂಸ್ಕಾರದ ಆರಾಧನೆ ನಡೆಯುತ್ತಿದ್ದಷ್ಟು ಹೊತ್ತೂ ಬಾಯಮ್ಮ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದರು. ಒಳಗೆ ಬಂದರೆ ಪಾಪ, ಮನೆಯಲ್ಲೇ ಉಳಿದರೆ ದ್ರೋಹ, ಹಾಗಾಗಿ ಗೇಟು. ಸೆರಗಿನ ಕೆಳಗೆ ಅವರ ಜಪಮಣಿಗಳು ಓಡುತ್ತಿದ್ದವು. ಅಪ್ಪ ಅದನ್ನು ನೋಡಿಯೂ ನೋಡದವರ ಹಾಗೆ ಮುಂದೆ ನಡೆದರು.

ಹಾಳು ಮಾಡಿದವಳು ನಾನು. ತಿಂಗಳಾದ ಮೇಲೆ ಬಾಯಮ್ಮ ಬಾವಿಕಟ್ಟೆಯಲ್ಲಿ ನನ್ನ ಕೈ ಹಿಡಿದು, ಅಮ್ಮನ ಆತ್ಮಕ್ಕೆಂದು ತಮ್ಮ ಇಗರ್ಜಿಯಲ್ಲಿ ಪೂಜೆ ಮಾಡಿಸಿದ್ದನ್ನು ಹೇಳಿದರು. ಪಾದ್ರಿಗಳಿಗೆ ಹೆಸರು ಹೇಳಿರಲಿಲ್ಲ, 'ನನ್ನ ಒಬ್ಬ ಗೆಳತಿ' ಎಂದಷ್ಟೇ ಹೇಳಿದ್ದರಂತೆ. ನನಗೆ ಅಳು ಬಂತು. ಆ ಅಳುವಿನಲ್ಲೇ ಮನೆಗೆ ಹೋಗಿ ಅಪ್ಪನಿಗೆ ಹೇಳಿಬಿಟ್ಟೆ. ಸತ್ತವರಿಗಾಗಿ ಬೇಡಿಕೊಳ್ಳುವುದು ನಮ್ಮಲ್ಲಿ ದೊಡ್ಡ ತಪ್ಪು. ಅಪ್ಪ ನೇರ ಬೇಲಿಯ ಹತ್ತಿರ ಹೋದರು.

"ನನ್ನ ಹೆಂಡತಿ ತಲುಪುವಲ್ಲಿಗೆ ತಲುಪಿ ಆಯ್ತು. ಅವಳಿಗೆ ನಿಮ್ಮ ಪೂಜೆಯ ಶಿಫಾರಸು ಬೇಡ."

ಬಾಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ನಾನು ಬಾವಿಗೆ ಹೋಗುವ ಹೊತ್ತಿಗೆ ಅವರು ಬರುತ್ತಿರಲಿಲ್ಲ. ಆ ಮಳೆಗಾಲವಿಡೀ ನನಗೆ ಅಮ್ಮ ಎರಡನೇ ಸಲ ಸತ್ತ ಹಾಗಾಗಿತ್ತು. ಅವಳ ಬಗ್ಗೆ ಮಾತನಾಡಲು ಉಳಿದಿದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿಸಿದ್ದೆ. ತೆನೆ ಹಬ್ಬಕ್ಕಾದರೂ ಬಾಯಮ್ಮ ಬರಬಹುದು, ಬರದಿದ್ದರೆ ಇನ್ನು ಈ ಜನ್ಮಕ್ಕಿಲ್ಲ ಎಂದು ದಿನ ಲೆಕ್ಕ ಹಾಕುತ್ತಿದ್ದೆ.

ಹಬ್ಬದ ಬೆಳಿಗ್ಗೆ ಅಪ್ಪ ಎಂಟು ಗಂಟೆಗೇ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಜಗಲಿಯಲ್ಲಿ ಕುಳಿತರು. ಬೇಡ ಎನ್ನಲು ತಯಾರಾಗಿ ಕುಳಿತದ್ದು. ರಸ್ತೆಯಲ್ಲಿ ತೆನೆ, ಕಬ್ಬು ಹಿಡಿದ ಜನ ಇಗರ್ಜಿಯಿಂದ ಮರಳುತ್ತಿದ್ದರು. ಬಾಯಮ್ಮನೂ ಹೋದರು, ತಲೆ ಎತ್ತಲಿಲ್ಲ. ಅಪ್ಪ ಸಭೆಯ ಮಾಸಪತ್ರಿಕೆಯ ಒಂದೇ ಪುಟವನ್ನು ಒಂದು ಗಂಟೆ ಓದಿದರು. ಹತ್ತಾಯಿತು.

"ಗಡಿಯಾರ ನಿಂತಿದೆಯಾ ನೋಡು" ಎಂದರು. ನಿಂತಿರಲಿಲ್ಲ.

ಹನ್ನೊಂದಕ್ಕೆ ಕೊಡೆ ತೆಗೆದುಕೊಂಡು ಹೊರಟರು. ಮಳೆ ಇರಲಿಲ್ಲ. ಬಾಯಮ್ಮನ ಮುಂಬಾಗಿಲಿಗೆ ಅವರು ಹೋದದ್ದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ನಾನು ಕೊಡ ಹಿಡಿದು ಬಾವಿಯ ಹತ್ತಿರ ಓಡಿದೆ. ಅಲ್ಲಿಂದ ಎಲ್ಲ ಕೇಳುತ್ತಿತ್ತು.

"ಬಾಯಮ್ಮ, ಈ ಸಲ ಎಂತ ನಮ್ಮಲ್ಲಿಗೆ ತೆನೆ ಬರಲಿಲ್ಲ?"

"ನೀವು ತೆಗೊಳ್ಳುವುದಿಲ್ಲ ಅಲ್ವಾ?"

"ತೆಗೊಳ್ಳುವುದಿಲ್ಲ, ಸರಿ. ಆದರೆ ನೀವು ತಂದರೆ ತಾನೆ ನಾನು ಬೇಡ ಅನ್ನುವುದು? ಇಷ್ಟು ವರ್ಷದ ಕ್ರಮ ಉಂಟು."

"ಬೇಡ ಅನ್ನಿಸಿಕೊಳ್ಳಲಿಕ್ಕೆ ನಾನು ಅಲ್ಲಿಯವರೆಗೆ ಬರಬೇಕಾ ಮಾರಾಯ್ರೇ?" ಬಾಯಮ್ಮನ ಸ್ವರ ಒಡೆಯಿತು. "ಮೊದಲಾದರೆ ಹಿತ್ತಿಲಲ್ಲಿ ತೆಗೊಳ್ಳಲಿಕ್ಕೆ ಅವಳಾದರೂ ಇದ್ದಳು."

ಹೇಳಿದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ಗೊತ್ತಾಯಿತು. ನಾನು ಕೊಡವನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟೆ.

"ಅವಳಿಲ್ಲ ಅಂತಲೇ ನಾನು ಬಂದದ್ದು" ಎಂದರು ಅಪ್ಪ.

ಬಾಯಮ್ಮ ಕೊಟ್ಟ ತೆನೆಯನ್ನು ಕೈಯಲ್ಲಿ ಹಿಡಿದು, ಕೊಡೆಯನ್ನು ಅಲ್ಲೇ ಮರೆತು, ರಸ್ತೆಯಿಂದಲೇ ಮನೆಗೆ ಬಂದರು. ನಮ್ಮ ಸಭೆಯ ಇಬ್ಬರಾದರೂ ನೋಡಿರಬೇಕು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನನಗೆ ತೆನೆ ಕೊಟ್ಟರು.

"ಬೆಲ್ಲ ಉಳಿದಿರಬಹುದು, ನೋಡು. ಈ ದಿನ ಯಾವಾಗಲೂ ಉಳಿಯುತ್ತದೆ."

ನಾನು ಬೆಪ್ಪಾಗಿ ನಿಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಅಷ್ಟು ವರ್ಷ ನಮ್ಮ ಮನೆಯ ಬೆಕ್ಕು ಅಮ್ಮ ಎಂದೇ ನಾನು ತಿಳಿದಿದ್ದೆ. ಬೆಲ್ಲ ಹುಡುಕಿದೆ, ತೆನೆಯಿಂದ ಮೂರು ಕಾಳು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಅಪ್ಪ ಇನ್ನೂ ಅಲ್ಲೇ ಇದ್ದರು.

"ನಾಲ್ಕು" ಎಂದರು.

"ನಾವು ಮೂರೇ ಜನ ಅಲ್ವಾ ಅಪ್ಪ?"

"ಮನೆಯಲ್ಲಿ ಇಲ್ಲದವರಿಗೂ ಒಂದು ಇಡುವುದು ಅವರ ಕ್ರಮ." ಅಪ್ಪ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. "ಅವರ ಕ್ರಮ, ನೆನಪಿರಲಿ. ನಮ್ಮದಲ್ಲ."

ನಾನು ನಾಲ್ಕನೆಯ ಕಾಳನ್ನು ಬಿಡಿಸಿದೆ.