ಮುಂಗಾಡಿಯ ಮೂಕಯ್ಯ

ಬೋಡಿನಾಯಕನೂರಿನಿಂದ ದಿಂಡಿಗಲ್ಲಿನ ರೈಲು ನಿಲ್ದಾಣಕ್ಕೆ ಏಲಕ್ಕಿ ಹೊತ್ತು ಹೋಗುವ ಎತ್ತಿನಗಾಡಿಗಳ ಸಾಲಿನಲ್ಲಿ ಮೊದಲ ಗಾಡಿ ಮೂಕಯ್ಯನದು. ಆ ಸಾಲಿನಲ್ಲಿ ಅವನಿಗಿಂತ ಹಿರಿಯರಿದ್ದರು, ಅವನಿಗಿಂತ ಒಳ್ಳೆಯ ಎತ್ತು ಕಟ್ಟಿದವರೂ ಇದ್ದರು. ಆದರೆ ಮುಂಗಾಡಿ ವಯಸ್ಸಿಗೋ ಎತ್ತಿಗೋ ಸಲ್ಲುವುದಲ್ಲ, ಕಿವಿಗೆ ಸಲ್ಲುವುದು. ಇರುಳಿನ ದಾರಿಯಲ್ಲಿ ಎತ್ತುಗಳು ಮುಂದಿನ ಗಾಡಿಯ ಬೆನ್ನು ಹಿಡಿದು ತಾವಾಗಿಯೇ ನಡೆಯುತ್ತವೆ, ಗಾಡಿಯವರೆಲ್ಲ ಮೂಟೆಗಳ ಮೇಲೆ ಮಲಗಿಬಿಡುತ್ತಾರೆ. ಎಚ್ಚರವಿರಬೇಕಾದವನು ಮೊದಲಿನವನೊಬ್ಬನೇ. ಅವನು ಮುಂದಿನ ದಾರಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಹಿಂದಿನ ಸಾಲನ್ನು ಕೇಳಬೇಕು. ಯಾವುದೋ ಗಾಲಿಯ ನಡುವೆ ಅಚ್ಚು ಕೂರುವ ಗುಂಬದಲ್ಲಿ ಕೀಲೆಣ್ಣೆ ಆರಿ ಅಚ್ಚು ಸಣ್ಣಗೆ ಕೀರತೊಡಗಿದರೆ ಕೂಗಿ ಸಾಲು ನಿಲ್ಲಿಸಬೇಕು. ಇಲ್ಲವಾದರೆ ಅಚ್ಚು ಕಾದು, ಗುಂಬದ ಮರ ಹೊಗೆಯಾಡಿ, ಗಾಡಿ ನಡುದಾರಿಯಲ್ಲಿ ಕೂತುಬಿಡುತ್ತದೆ.

ಹೊರಡುವ ಸಂಜೆ ಊರಾಚೆಯ ಮಣ್ಣಗುಡ್ಡೆಯ ಮೇಲೆ ಅವನು ಕಿವಿಗೊಟ್ಟು ನಿಲ್ಲುತ್ತಿದ್ದ. ಹೊರೆ ಹೇರಿದ ಗಾಡಿಗಳು ಒಂದೊಂದಾಗಿ ಮುಂದೆ ಹಾದುಹೋಗುತ್ತಿದ್ದವು. ಅವನು ಯಾವ ಗಾಡಿಗೆ ಕೈ ಎತ್ತಿದನೋ ಅದು ಆ ಸಲ ಹಿಂದುಳಿಯಬೇಕು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಅವನ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕನ್ನಡದ ಸೀಮೆಯಿಂದ ಬಂದು ಕಂಬಂ ಬಯಲಿನಲ್ಲಿ ನೆಲೆಯಾದವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಎತ್ತಿಗೆ ಎರಡೂ. ಗಾಡಿಗೆ ಅವರ ಬಾಯಲ್ಲಿ ತಮಿಳಿನ ವಂಡಿಯೆಂಬ ಹೆಸರೇ. ಭತ್ತದ ಗದ್ದೆ ಅಣ್ಣನ ಪಾಲಿಗೆ ಹೋಯಿತು. ಗಾಡಿ ಇವನ ಪಾಲಿಗೆ ಬಂತು. ಓಡೈಪಟ್ಟಿಯ ಪಿಚ್ಚೈಯಮ್ಮಾಳನ್ನು ಮದುವೆಯಾದ. ಅವಳ ತಮ್ಮ ತಂಗರಾಜನೂ ಗಾಡಿ ಕಟ್ಟಿ, ಇವನ ಹಿಂದೆಯೇ ಎರಡನೆಯವನಾಗಿ ನಡೆಯುತ್ತಿದ್ದ.

ಎರಡು ವರ್ಷಗಳಿಂದ ಮೂಕಯ್ಯನಿಗೆ ಸಣ್ಣ ಸದ್ದುಗಳು ಕೇಳುತ್ತಿರಲಿಲ್ಲ. ಮೊದಲು ಹೋದದ್ದು ಜೀರುಂಡೆ. ಆ ವರ್ಷ ಜೀರುಂಡೆಗಳೇ ಹುಟ್ಟಲಿಲ್ಲವೆಂದು ಅವನು ತಿಳಿದಿದ್ದ. ಆಮೇಲೆ ಹೆಂಡತಿಯ ಬಳೆ ಹೋಯಿತು, ಕೊನೆಗೆ ಅಚ್ಚಿನ ಕೀರಲು. ಮಾತು, ತಮಟೆ, ಗಾಲಿ ಕಲ್ಲಿಗೆ ಬಡಿಯುವ ಸದ್ದು ಮೊದಲಿನಂತೆಯೇ ಕೇಳುತ್ತಿದ್ದವು. ಹಾಗಾಗಿ ಪಿಚ್ಚೈಯಮ್ಮಾಳ್ ಹೊರತು ಯಾರಿಗೂ ಗೊತ್ತಾಗಲಿಲ್ಲ. ಗುಡ್ಡೆಯ ಮೇಲೆ ನಿಂತು ಅವನು ಈಗ ಗಾಡಿಗಳನ್ನು ಕೇಳುತ್ತಿರಲಿಲ್ಲ, ಎತ್ತುಗಳ ಕಿವಿ ನೋಡುತ್ತಿದ್ದ. ಯಾವ ಕಡೆಯ ಗಾಲಿ ಕೀರುತ್ತದೋ ಆ ಕಡೆಯ ಎತ್ತು ಕಿವಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಹಗಲಿಗೆ ಅದು ಸಾಕಾಗುತ್ತಿತ್ತು. ಇರುಳಿಗೆ ಏನೂ ಇರಲಿಲ್ಲ. ಹಿಂದಿನ ಸುಗ್ಗಿಯಲ್ಲಿ ವತ್ತಲಗುಂಡಿನ ಬಳಿ ಆಂಡಿ ಎಂಬವನ ಗಾಡಿಯ ಗುಂಬ ಸುಟ್ಟು, ಗಾಡಿ ಮಗುಚಿ, ಒಂದೆತ್ತಿನ ಕಾಲು ಮುರಿಯಿತು. ಗಾಡಿ ಮೊದಲು ಕೀರದೆ, ಸದ್ದಿಲ್ಲದೆ ಮುರಿಯಿತೆಂದು ಮೂಕಯ್ಯ ಹೇಳಿದ. ಮೂಕಯ್ಯ ಹೇಳಿದ ಮೇಲೆ ಮುಗಿಯಿತು. ಕೀಲೆಣ್ಣೆ ಹಾಕುವಲ್ಲಿ ಆಂಡಿಯೇ ಸೋಮಾರಿತನ ಮಾಡಿದನೆಂದು ಎಲ್ಲರೂ ಸೇರಿ ಅವನನ್ನು ಸಾಲಿನ ಕೊನೆಗೆ ತಳ್ಳಿದರು.

ಸಾವಿರದ ಎಂಟುನೂರ ತೊಂಬತ್ತೊಂಬತ್ತನೇ ಇಸವಿಯಲ್ಲಿ, ಬೆಟ್ಟದ ಮೇಲಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬ ವಿಲಾಯಿತಿಯಿಂದ ಮೂರು ಗಾಲಿಯ ಮೋಟಾರೊಂದನ್ನು ತರಿಸಿದ. ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಅದನ್ನು ದಿಂಡಿಗಲ್ಲಿನಿಂದ ಹೊತ್ತು ತಂದವರು ಈ ಗಾಡಿಯವರೇ. ಮದರಾಸಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತ ರಾಮಸಾಮಿ ಜೋಡಿಸಿ ನಿಲ್ಲಿಸಿದ. ಮುಂದೆ ಒಂದು ಗಾಲಿ, ಹಿಂದೆ ಎರಡು, ನಡುವೆ ಕೂರಲು ಚರ್ಮದ ಪೀಠ, ಅದರ ಹಿಂದೆ ತಳದಲ್ಲಿ ಡಬಡಬ ಎನ್ನುವ ಎಂಜಿನು. ಬೋಡಿಯಿಂದ ತೇನಿಯ ಕಡೆಗೆ ಹೋಗುವ ಸಮದಾರಿಯಲ್ಲಿ ಅದನ್ನು ಓಡಿಸಿದಾಗ ಡಬಡಬದ ಮೇಲೆ ಇನ್ನೊಂದು ಸದ್ದು ಎದ್ದಿತು. ತೆಳ್ಳನೆಯ, ಬಿಡದ, ಹಲ್ಲು ಜುಮ್ಮೆನ್ನಿಸುವ ಗೋಳು. ಅದಕ್ಕೆ ಎತ್ತುಗಳು ಬೆದರಿ ಹಳ್ಳಕ್ಕೆ ನುಗ್ಗಿದವು. ದೊರೆಗೂ ತಲೆನೋವು ಬಂತು. ತಾನು ಮತ್ತೆ ಬೆಟ್ಟ ಇಳಿಯುವುದರೊಳಗೆ ಆ ಗೋಳು ನಿಲ್ಲಬೇಕೆಂದು ರಾಮಸಾಮಿಗೆ ಹೇಳಿ ಹೋದ.

ರಾಮಸಾಮಿ ಅದನ್ನು ತಳ್ಳಿಕೊಂಡು ಮೂಕಯ್ಯನ ಕೊಟ್ಟಿಗೆಯ ಮುಂದೆ ಬಂದ.

"ಮೂಕಯ್ಯಣ್ಣೆ, ಗಾಲಿ ಸದ್ದು ಕೇಳಿ ನೋವು ಎಲ್ಲಿ ಅಂತ ಹೇಳೋರು ನೀವಂತೆ. ಸ್ವಲ್ಪ ಇದನ್ನೂ ಕೇಳಿ," ಎಂದು ತಮಿಳಿನಲ್ಲಿ ಕೇಳಿದ.

ತಂಗರಾಜ ನಕ್ಕ. "ದೊರೆ ವಂಡಿಗೂ ನಮ್ ಬಾವನೇ ಬೇಕಾ? ಹುಲ್ಲು ತಿನ್ನದ ವಂಡಿ, ಏನ್ ಕೊಟ್ಟು ಸಮಾಧಾನ ಮಾಡ್ತೀರ ಬಾವ?"

ಗಾಡಿಯವರೆಲ್ಲ ನೆರೆದರು. ರಾಮಸಾಮಿ ಬೀದಿಯಲ್ಲಿ ಅತ್ತಿಂದಿತ್ತ ಓಡಿಸಿದ. ಮೂಕಯ್ಯನಿಗೆ ಕೇಳಿದ್ದು ಡಬಡಬ ಮಾತ್ರ. ಅವನ ಕಣ್ಣು ಅಭ್ಯಾಸಬಲದಿಂದ ಕಿವಿಗಳಿಗಾಗಿ ಹುಡುಕಿತು. ಆ ವಂಡಿಗೆ ಎತ್ತಿರಲಿಲ್ಲ. ಸುತ್ತಲಿನವರು ಮುಖ ಹಿಂಡುವುದನ್ನು ಕಂಡು ತಾನೂ ಮುಖ ಹಿಂಡಿದ. ಗಾಡಿಯವನೊಬ್ಬ ಗೋಳಿಗೆ ಏನು ಹೇಳುತ್ತಾನೋ ಅದನ್ನೇ ಹೇಳಿದ.

"ಅಚ್ಚು ಒಣಗೈತೆ. ಕೀಲೆಣ್ಣೆ ಹಾಕು."

"ಒಳಗೆ ಕಬ್ಬಿಣದ ಗುಂಡುಗಳಿವೆ ಅಣ್ಣೆ. ಅದಕ್ಕೆ ಬೇರೆ ಎಣ್ಣೆ," ಎಂದು ರಾಮಸಾಮಿ ಅನುಮಾನಿಸಿದ.

"ಗುಂಡಾಗ್ಲಿ ಚೌಕ ಆಗ್ಲಿ, ತಿರುಗೋದಕ್ಕೆಲ್ಲ ಒಂದೇ ಬಾಯಾರಿಕೆ."

ಸುಟ್ಟ ಹುಲ್ಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲೆಸಿದ ಕರಿಯ ಕೀಲೆಣ್ಣೆಯನ್ನು ಮೂರು ಗಾಲಿಗೂ ತುಂಬಿದರು. ರಾಮಸಾಮಿ ಮತ್ತೆ ಏರಿ ಬೀದಿಯ ತುದಿಯವರೆಗೆ ಹೋಗಿ ಬಂದ. ಮೂಕಯ್ಯ ಕಣ್ಣು ಅರೆಮುಚ್ಚಿ ನಿಂತಿದ್ದವನು ತಲೆಯಾಡಿಸಿದ.

"ಹ್ಞಾ, ಈಗ ನೋಡು. ನಿಂತೋಯ್ತು."

ಮೋಟಾರು ಅವನೆದುರಿಗೇ ಗೋಳಿಡುತ್ತಿತ್ತು.

"ನಿಂತೋಯ್ತಾ?" ಎಂದ ಆಂಡಿ. "ನಮ್ಮತ್ತೆ ಸತ್ತ ದಿನ ನನ್ ಹೆಂಡ್ತಿ ಹಿಂಗೇ ಅಳೋದು ನಿಲ್ಲಿಸಿದ್ಳು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೂಕಯ್ಯ ತಮಾಷೆ ಮಾಡಿದನೆಂದೇ ತಿಳಿದರು. ಮೂಕಯ್ಯನೂ ನಕ್ಕ, ಆದರೆ ಎಲ್ಲರ ನಗು ಇಳಿಯುವ ಹೊತ್ತಿಗೆ. ತಂಗರಾಜ ಮಾತ್ರ ನಗಲಿಲ್ಲ.

ಜನ ಚದುರಿದ ಮೇಲೆ ಅವನು ಒಳಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತ.

"ಬಾವ, ಅದು ಕೂಗ್ತಿತ್ತು."

ಪಿಚ್ಚೈಯಮ್ಮಾಳ್ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಅವ್ರಿಗೆ ಸಣ್ಣ ಸದ್ದು ಕೇಳಲ್ಲ ತಂಬಿ. ಎರಡು ವರ್ಷ ಆಯ್ತು."

"ನೀ ಸುಮ್ನಿದ್ದೆಯಾ ಅಕ್ಕ?" ತಂಗರಾಜ ಬಾವನ ಕಡೆ ತಿರುಗಿದ. "ಆಂಡಿ ವಂಡಿ ಸದ್ದಿಲ್ದೆ ಮುರೀತು ಅಂದ್ರಲ್ಲ ಬಾವ?"

"ನನಗೆ ಸದ್ದಿಲ್ದೇನೇ ಮುರೀತು ಮಾಪ್ಳೆ," ಎಂದು ಮೂಕಯ್ಯ ಮೈದುನನಿಗೆ ಹೇಳಿದ.

"ನಾನು ಅವತ್ತು ನಿಮ್ ಹಿಂದೇನೇ ಮಲಗಿದ್ದೆ. ನೀವು ಎದ್ದಿದೀರಿ ಅಂತ ಮಲಗಿದ್ದೆ."

ಹೊರಗೆ ರಾಮಸಾಮಿ ಮೋಟಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮೂಕಯ್ಯ ಅವನ ಕಡೆ ನೋಡಿ, "ಸಾಲು ಹೊರಡೋ ಸುಗ್ಗಿಗೆ ಇನ್ನೂ ದಿನ ಐತೆ, ಆಂಡಿಗೆ ಆವಾಗ ಹೇಳ್ತೀನಿ. ಮೊದ್ಲು ನಾನು ಕೆಡಿಸಿದ್ದನ್ನ ತೊಳೀಬೇಕು," ಎಂದ.

ಮಾರನೆಯ ಬೆಳಿಗ್ಗೆ ಮೂರು ಗಾಲಿಯನ್ನೂ ಬಿಚ್ಚಿ, ಗುಂಡುಗಳಿಗೆ ಅಂಟಿದ ಮಸಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ರಾಮಸಾಮಿಯ ಎಣ್ಣೆಯನ್ನೇ ಹಾಕಿದರು. ಆಮೇಲೆ ಮೂಕಯ್ಯ ಹೆಂಡತಿಯನ್ನು ಹೊರಗೆ ಕರೆದ.

"ಅದು ಹ್ಯಾಂಗೆ ಕೂಗ್ತದೆ, ನೀ ಕೂಗಿ ತೋರ್ಸು."

"ಊರವ್ರ ಮುಂದೆ ನಾನು ಗೋಳಾಡ್ಲಾ? ನೀವಿನ್ನೂ ಬದುಕಿದೀರಲ್ಲ!" ಎಂದಳು ಅವಳು. ಆದರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೂಗಿನಿಂದ ಕೂಗಿದಳು. ಅವಳ ಸ್ವರ ಅವನಿಗೆ ನಿಲುಕುವಷ್ಟು ದಪ್ಪವಾಗಿತ್ತು. ಸದ್ದು ಏರಿದರೆ ಕೈ ಏರಿಸು, ಇಳಿದರೆ ಇಳಿಸು ಎಂದ. ಅವಳು ಗೋಡೆಯ ಪಕ್ಕ ಕೈ ಇಳಿಬಿಟ್ಟು ಸಿದ್ಧಳಾಗಿ ನಿಂತಳು.

ರಾಮಸಾಮಿ ಎಂಜಿನಿನೊಳಗಿನ ಗಾಳಿ ಹೊರಹೋಗುವ ತಿರುಪು ಬಿಟ್ಟು, ಒಳಗೆ ಬೆಂಕಿ ಹೊತ್ತಿಸದೆ ಮೋಟಾರನ್ನು ಸುಮ್ಮನೆ ತಳ್ಳಿದ. ಪಿಚ್ಚೈಯಮ್ಮಾಳ ಕೈ ಏರಿತು. ಹಾಗಾದರೆ ಬೆಂಕಿಯ ತಪ್ಪಲ್ಲ. ಮುಂಗಾಲಿಯನ್ನು ಎತ್ತಿ ತಿರುಗಿಸಿದರು, ಕೈ ಅಲ್ಲಾಡಲಿಲ್ಲ. ಹಿಂದಿನ ಭಾಗವನ್ನು ಒರಳುಕಲ್ಲಿನ ಮೇಲೆ ಏರಿಸಿ ಬಲಗಾಲಿಯೊಂದನ್ನೇ ತಿರುಗಿಸಿದರು. ಎಡಗಾಲಿ ತಾನಾಗಿ ಎದುರು ದಿಕ್ಕಿಗೆ ತಿರುಗಿತು, ಕೈ ಆಗಲೂ ಕೆಳಗೇ ಇತ್ತು.

"ಎರಡೂ ಗಾಲಿ ಒಟ್ಟಿಗೆ ಮುಂದಕ್ಕೆ ತಿರುಗ್ಸಿ," ಎಂದ ಮೂಕಯ್ಯ.

ತಂಗರಾಜ ಒಂದು ಕಡೆ, ರಾಮಸಾಮಿ ಇನ್ನೊಂದು ಕಡೆ ಹಿಡಿದು ತಿರುಗಿಸಿದರು. ಕೈ ತಲೆಯ ಮೇಲಕ್ಕೆ ಹೋಯಿತು.

"ಗಾಲಿ ಅಲ್ಲ. ಎರಡೂ ಒಟ್ಟಿಗೆ ಹೋದ್ರೆ ಮಾತ್ರ ತಿರುಗೋದು ಏನೈತೆ ಅಲ್ಲಿ?"

ರಾಮಸಾಮಿ ಕೈಯೊರೆಸಿಕೊಂಡ. "ನಡುವಿನ ಪೆಟ್ಟಿಗೆ. ಎಂಜಿನಿನ ಸಣ್ಣ ಹಲ್ಲುಚಕ್ರ ಅಚ್ಚಿನ ದೊಡ್ಡ ಹಲ್ಲುಚಕ್ರಕ್ಕೆ ಕೂರೋ ಜಾಗ." ತಿರುಪುಗಳನ್ನು ಬಿಚ್ಚಿ ಮುಚ್ಚಳ ತೆಗೆದ. ಬಗ್ಗಿ ನೋಡಿದ. ಹಲ್ಲುಗಳು ಬುಡದವರೆಗೂ ಉಜ್ಜಿ ಹೊಳೆಯುತ್ತಿದ್ದವು.

"ದಾರಿಯಲ್ಲಿ ಸಡಿಲ ಆಗದಿರಲಿ ಅಂತ ಎಂಜಿನನ್ನು ನಾನೇ ಅಚ್ಚಿಗೆ ಒತ್ತಿ ಕಟ್ಟಿದೆ. ಹಲ್ಲಿಗೆ ಉಸಿರಾಡೋಕೆ ಜಾಗ ಇಲ್ಲ."

"ಕಂಬಂನಲ್ಲಿ ಕಬ್ಬರೆಯೋ ಕಬ್ಬಿಣದ ಗಾಣಾನೂ ಹಿಂಗೇ," ಎಂದಳು ಪಿಚ್ಚೈಯಮ್ಮಾಳ್. "ಬಿಗಿ ಮಾಡಿದ್ರೆ ಊರೆಲ್ಲ ಕೇಳೋ ಹಾಗೆ ಅಳ್ತದೆ."

ರಾಮಸಾಮಿ ಎಂಜಿನಿನ ಕಟ್ಟು ಸಡಿಲಿಸಿ, ಎರಡು ಚಕ್ರಗಳ ಹಲ್ಲುಗಳ ನಡುವೆ ತಾಳೆಗರಿಯ ಸೀಳೊಂದನ್ನು ಇಟ್ಟು, ಅಷ್ಟೇ ತೆರಪು ಉಳಿಯುವಂತೆ ಬಿಗಿದು, ಗರಿಯನ್ನು ಎಳೆದುಕೊಂಡ. ಮೋಟಾರು ಬೀದಿಗೆ ಇಳಿಯಿತು. ಮೂಕಯ್ಯ ಅದನ್ನು ನೋಡಲಿಲ್ಲ, ಹೆಂಡತಿಯ ಕೈ ನೋಡುತ್ತಿದ್ದ. ಎದೆಯವರೆಗೆ ಏರಿದ ಕೈ ಇಳಿದು ಸೊಂಟದ ಬಳಿ ನಿಂತಿತು.

"ಈಗ ಸುಮ್ನೆ ಗುಂಯ್ ಅಂತದೆ," ಎಂದಳು. "ನಿಜವಾಗ್ಲೂ."

ಸುಗ್ಗಿಯ ಮೊದಲ ಸಾಲು ಹೊರಡುವ ಸಂಜೆ ಗಾಡಿಗಳೆಲ್ಲ ಗುಡ್ಡೆಯ ಬಳಿ ಬಂದವು. ಮೂಕಯ್ಯ ಮೇಲೆ ಹತ್ತಲಿಲ್ಲ. ಕೊನೆಯಲ್ಲಿದ್ದ ಆಂಡಿಯ ಗಾಡಿಯವರೆಗೆ ನಡೆದುಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಆಂಡಿ, ನಿನ್ ವಂಡಿ ಅವತ್ತು ಕೀರಿರ್ತದೆ. ನನಗೆ ಕೇಳ್ಲಿಲ್ಲ. ನನಗೆ ಸಣ್ಣ ಸದ್ದು ಕೇಳೋದೇ ಇಲ್ಲ."

ಆಂಡಿ ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತವನು ಇಳಿಯಲಿಲ್ಲ. ಅವನ ಹೊಸ ಎತ್ತು ಇನ್ನೂ ನೊಗಕ್ಕೆ ಒಗ್ಗಿರಲಿಲ್ಲ, ತಲೆ ಕೊಡವುತ್ತಿತ್ತು.

"ವರ್ಷ ಪೂರ್ತಿ ಸೋಮಾರಿ ಅನ್ನಿಸ್ಕೊಂಡೆ ಅಣ್ಣೆ. ನನ್ ಮಕ್ಳೂ ಅಂದ್ರು." ಅವನ ದನಿ ಜೋರಾಗಲಿಲ್ಲ. "ವರ್ಷ ಪೂರ್ತಿ ಎಲ್ಲಾರ ಧೂಳು ತಿಂದೆ. ಈಗ ನೀವು ತಿನ್ನಿ."

"ಸರಿ," ಎಂದ ಮೂಕಯ್ಯ.

ಪೆರಿಯಣ್ಣನ್ ಎಂಬ ಮುದುಕ, ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ, ಮೂಕಯ್ಯನ ಬದಲಿಗೆ ತಂಗರಾಜನನ್ನು ಗುಡ್ಡೆ ಹತ್ತಿಸಿದ. ಗಾಡಿಗಳು ಹಾದವು. ತಂಗರಾಜ ಒಂದಕ್ಕೆ ಕೈ ಎತ್ತಿದ. ಆ ಗಾಡಿ ಗೊಣಗದೆ ಪಕ್ಕಕ್ಕೆ ಸರಿಯಿತು. ಆಂಡಿ ತನ್ನ ಹಳೆಯ ಜಾಗಕ್ಕೆ, ಸಾಲಿನ ನಡುವಿಗೆ, ಗಾಡಿ ತಂದು ನಿಲ್ಲಿಸಿದ.

ಮೂಕಯ್ಯನ ಗಾಡಿಯನ್ನು ಕೊನೆಗೆ ಒಯ್ಯಲು ಹೋದಾಗ ಎತ್ತುಗಳು ಒಪ್ಪಲಿಲ್ಲ. ಕಾರಿ, ಮಯಿಲೆ ಎರಡೂ ಇನ್ನೊಂದು ಗಾಡಿಯ ಬೆನ್ನು ಕಂಡಿದ್ದವೇ ಅಲ್ಲ. ಹಿಂದಕ್ಕೆ ತಿರುಗಿಸಿದರೆ ಸಾಲಿನ ಪಕ್ಕದಿಂದ ನುಗ್ಗಿ ಮತ್ತೆ ತುದಿಗೇ ಬಂದು ನಿಂತವು. ಜನ ನಕ್ಕರು. ಆಂಡಿಯೂ ನಕ್ಕ.

"ಬಾವ, ಇವು ನನ್ ಮಾತು ಕೇಳ್ತಾವಾ?" ಎಂದು ತಂಗರಾಜ ಗುಡ್ಡೆಯಿಂದ ಇಳಿದು ಬಂದ.

"ಕೇಳ್ತಾವೆ. ಮಯಿಲೆಗೆ ಚಾಟಿ ತೋರ್ಸ್ಬೇಡ. ಏರು ಬಂದ್ರೆ ಕಾರೀನ ಹೆಸರು ಹಿಡ್ದು ಕೂಗು. ನಿದ್ದೆ ಬಂದ್ರೆ ಇಳಿದು ನಡಿ, ಮೇಲೆ ಕೂತು ಹಾಡಬೇಡ. ಹಾಡಿದ್ರೆ ಹಿಂದಿನದು ಕೇಳ್ಸಲ್ಲ."

ತಂಗರಾಜ ಬಾವನ ಗಾಡಿ ಹತ್ತಿದ. ಮೂಕಯ್ಯ ತಂಗರಾಜನ ಗಾಡಿಯನ್ನು ಸಾಲಿನ ಕೊನೆಗೆ ಹೊಡೆದುಕೊಂಡು ಹೋಗಿ ನಿಂತ. ಮುಂದೆ ಯಾರೋ ಕೂಗಿದರು. ಒಂದರ ಹಿಂದೊಂದು ಗಾಡಿ ಕದಲಿತು. ಅವನ ಸರದಿ ಬರುವ ಹೊತ್ತಿಗೆ ಧೂಳು ಗಾಲಿಯಿಂದೆದ್ದು ಎತ್ತುಗಳ ಕೊಂಬಿನವರೆಗೆ ಏರಿತ್ತು. ಮೂಕಯ್ಯ ಹೆಗಲ ವಸ್ತ್ರವನ್ನು ಮೂಗಿನ ಮೇಲೆ ಬಿಗಿದುಕೊಂಡು ಹಗ್ಗ ಸಡಿಲಬಿಟ್ಟ.